ಐದು ನಿಮಿಷ ಇಪ್ಪತ್ತು ಸೆಕೆಂಡು

ಆ ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಕೋಣೆಯಲ್ಲಿ ಅವಳು ಹದಿನಾಲ್ಕು ವರ್ಷಗಳಿಂದ ಜನರನ್ನು ಓಡಿಸುವ ಕೆಲಸ ಮಾಡುತ್ತಿದ್ದಳು. ಎದೆಗೆ ಹತ್ತು ತಂತಿ ಅಂಟಿಸಿ, ತೋಳಿಗೆ ಬಿಪಿ ಪಟ್ಟಿ ಸುತ್ತಿ, ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ ಗುಂಡಿ ಒತ್ತುವುದು. ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುವುದು. ನೋವು ಬಂತೆಂದರೆ, ಇಲ್ಲವೇ ಪರದೆಯ ಮೇಲಿನ ಗೆರೆ ಕುಸಿಯಿತೆಂದರೆ, ನಿಲ್ಲಿಸಿ ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುವುದು. ರೋಗಿಗಳ ಬಾಯಲ್ಲಿ ಅವಳ ಹೆಸರು ಓಟದಮ್ಮ. ಮೊದಮೊದಲು ಮುಜುಗರವಾಗುತ್ತಿತ್ತು. ಬರಬರುತ್ತಾ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವಳೇ ಒಂದು ಗಳಿಗೆ ತಡೆದು ಓಗೊಡುವಂತಾಗಿತ್ತು.

ಕೆಲಸದಲ್ಲಿ ಅವಳು ಕಟ್ಟುನಿಟ್ಟು. ಗಾಜಿನಾಚೆ ಕುಳಿತು ಸಹಿ ಹಾಕುವ ಕಿರಿಯ ಡಾಕ್ಟರು ತನ್ನ ಕಣ್ಣಿಗಿಂತ ಅವಳ ಕಣ್ಣನ್ನೇ ಹೆಚ್ಚು ನಂಬುತ್ತಿದ್ದ. "ನಿಲ್ಲಿಸ್ಬೇಕು ಅನ್ಸಿದ್ರೆ ನಿಲ್ಲಿಸಿಬಿಡಿ ಅಕ್ಕಾ, ನಾನಿದ್ದೀನಿ" ಅನ್ನುತ್ತಿದ್ದ, ಮೊಬೈಲಿನಿಂದ ತಲೆ ಎತ್ತದೆ.

ಮೀಟರಣ್ಣ ಅವಳ ಕೈಗೆ ಸಿಕ್ಕಿದ್ದು ಲೇಸರ್ ಪ್ರಯೋಗ ಶುರುವಾದ ವರ್ಷ. ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನು. ಮೂವತ್ತೊಂದು ವರ್ಷ ಬೀದಿ ಬೀದಿ ತಿರುಗಿ, ಕಬ್ಬಿಣದ ಮುಚ್ಚಳ ಎತ್ತಿ, ಮೊಣಕಾಲೂರಿ ಬಗ್ಗಿ, ಅಂಕಿ ಬರೆದುಕೊಂಡವನು. ಎರಡು ಸಲ ಬೈಪಾಸ್ ಆಗಿ, ಇನ್ನು ಕೈಯಿಡಲು ಜಾಗವೇ ಇಲ್ಲವೆಂದು ಡಾಕ್ಟರುಗಳು ಕೈಚೆಲ್ಲಿದ ಮೇಲೆ ಅವನನ್ನು ಕಚೇರಿಯ ಕುರ್ಚಿಗೆ ಹಾಕಿದ್ದರು. ಹತ್ತು ಹೆಜ್ಜೆ ಬಿರಬಿರನೆ ಇಟ್ಟರೆ ಎದೆ ಹಿಂಡುತ್ತಿತ್ತು. ಮಗಳ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಗಳು ಆ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಅವನು ಅದರ ಬಾಗಿಲು ಯಾವ ಬಣ್ಣವೆಂದು ನೋಡಿರಲಿಲ್ಲ.

ಮೊದಲ ದಿನ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಕಂಬಿ ಹಿಡಿದು ನಿಂತುಬಿಟ್ಟ. ಉಸಿರು ಸಿಕ್ಕಿದ ಮೇಲೆ ಪರದೆಯತ್ತ ನೋಡಿ, "ನಾಲ್ಕು ಹತ್ತು. ಬರ್ಕೊಳ್ಳಿ ತಂಗೀ, ಮೀಟರ್ ಇದ್ದದ್ದನ್ನೇ ಹೇಳುತ್ತೆ. ಸುಳ್ಳು ಹೇಳೋದೇನಿದ್ರೂ ಮನೆಯವರು" ಎಂದು ನಕ್ಕ.

ಪ್ರಯೋಗ ನಡೆಸುತ್ತಿದ್ದವರು ದೊಡ್ಡ ಡಾಕ್ಟರು. ತೊಡೆಯ ರಕ್ತನಾಳದೊಳಗಿಂದ ತೆಳ್ಳನೆ ನಳಿಕೆಯನ್ನು ಹೃದಯದವರೆಗೆ ತೂರಿಸಿ, ರಕ್ತ ಸಾಲದೆ ಸೊರಗಿದ ಭಾಗದಲ್ಲಿ ಲೇಸರಿನಿಂದ ಇಪ್ಪತ್ತು ಸಣ್ಣ ರಂಧ್ರ ಕೊರೆಯುವುದು. ಅಲ್ಲಿ ಹೊಸ ನಾಳಗಳು ಚಿಗುರುತ್ತವೆ, ರಕ್ತ ಹರಿಯುತ್ತದೆ ಎಂಬುದು ಅವರ ನಂಬಿಕೆ. ನಂಬಿಕೆ ಸಾಲದು, ಪುರಾವೆ ಬೇಕು. ಅದಕ್ಕೇ ಎಂಟು ಆಸ್ಪತ್ರೆಗಳಲ್ಲಿ ಒಟ್ಟಿಗೆ ಪ್ರಯೋಗ. ಅರ್ಧ ಜನಕ್ಕೆ ಲೇಸರ್. ಉಳಿದರ್ಧ ಜನಕ್ಕೆ ನಳಿಕೆ ಹೋಗುತ್ತದೆ, ಯಂತ್ರ ಗುಂಯ್‌ಗುಡುತ್ತದೆ, ಕಿರಣ ಮಾತ್ರ ಹೊರಡುವುದಿಲ್ಲ. ಎಲ್ಲರ ಕಣ್ಣಿಗೂ ಬಟ್ಟೆ, ಕಿವಿಗೆ ಸಂಗೀತ. ಯಾರಿಗೆ ಏನಾಯಿತೆಂಬುದು ರೋಗಿಗೆ ಗೊತ್ತಿರಬಾರದು, ಆಮೇಲೆ ಓಡಿಸಿ ನೋಡುವವಳಿಗಂತೂ ಗೊತ್ತಿರಲೇಬಾರದು. ಆ ಕೋಣೆಯೊಳಗಿದ್ದವರಿಗೆ ಮಾತ್ರ ಗೊತ್ತು. ಒಳಗಿದ್ದವರಲ್ಲಿ ದೊಡ್ಡ ಡಾಕ್ಟರೂ ಒಬ್ಬರು.

ಆರು ತಿಂಗಳಾದ ಮೇಲೆ ಮೀಟರಣ್ಣ ಬಂದಾಗ ಅವನ ಕಾಲಲ್ಲಿ ಹೊಸ ಕ್ಯಾನ್ವಾಸ್ ಬೂಟುಗಳಿದ್ದವು. ಇಸ್ತ್ರಿ ಹಾಕಿದ ಅಂಗಿಯನ್ನು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟ.

"ನನಗೆ ಲೇಸರ್ರೇ ಬಿದ್ದಿರೋದು ತಂಗೀ. ಒಳಗೆ ಚುರುಕ್ ಚುರುಕ್ ಅಂತ ಇತ್ತು. ಮಗಳ ಮನೆಗೆ ದಿನಾ ಸಂಜೆ ಹತ್ತಿ ಹೋಗ್ತೀನಿ. ಬಾಗಿಲು ಹಸಿರು. ನಾನು ಕಂದು ಅಂದ್ಕೊಂಡಿದ್ದೆ."

"ಮಾತು ಸಾಕು, ಕಾಲು ಎತ್ತಿಡಿ ಅಣ್ಣಾ."

ಪ್ರಯೋಗದ ನಿಯಮದಂತೆ ಅವಳು ಎಲ್ಲರಿಗೂ ಹೇಳಬೇಕಿದ್ದದ್ದು ಮೂರೇ ಮಾತು: ಚೆನ್ನಾಗಿ ನಡೀತಿದ್ದೀರಿ, ಆಗೋವರೆಗೂ ನಡೀರಿ, ನೋವು ಬಂದ್ರೆ ಹೇಳಿ. ಅಂದು ಕೂಡ ಮೂರನ್ನೇ ಹೇಳಿದಳು. ಅವನು ಎಂಟು ನಿಮಿಷ ನಲವತ್ತು ಸೆಕೆಂಡು ನಡೆದ. ಇಳಿದವನೇ ಬೆವರು ಒರೆಸಿಕೊಳ್ಳುವುದನ್ನೂ ಮರೆತು ಪರದೆಯ ಮುಂದೆ ನಿಂತು ಆ ಅಂಕಿಯನ್ನು ಎರಡು ಸಲ ಓದಿದ. ಕಚೇರಿಯವರಿಗೆ ಕಾಗದ ಬರೆಸಿಕೊಂಡು ಹೋದ. ಬೀದಿಯ ಕೆಲಸ ವಾಪಸ್ ಸಿಕ್ಕಿತೆಂದು ಹೇಳಲು ಮುಂದಿನ ತಿಂಗಳು ಮತ್ತೆ ಬಂದ, ಬರಿಗೈಯಲ್ಲಿ ಬರಬಾರದೆಂದು ಒಂದು ಕಟ್ಟು ಹೂ ಹಿಡಿದು. ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಜೆಲ್ ಬಾಟಲಿಯ ಪಕ್ಕದಲ್ಲಿಟ್ಟಳು.

ಒಂದು ವರ್ಷದ ಕೊನೆಯ ಸುತ್ತಿನ ಪರೀಕ್ಷೆಗಳು ಶುರುವಾಗುವ ಮುನ್ನಾ ವಾರ ದೊಡ್ಡ ಡಾಕ್ಟರು ಮೂಲೆಕೋಣೆಗೆ ಬಂದರು. ಅವರು ಹಾಗೆ ಬರುವವರಲ್ಲ, ಬೇಕಾದವರನ್ನು ಕರೆಸಿಕೊಳ್ಳುವವರು. ಈ ಕೆಲಸವನ್ನು ಕೈಹಿಡಿದು ಕಲಿಸಿದವರು ಅವರೇ. ಗೆರೆ ಯಾವಾಗ ಬರೀ ನಡುಗುತ್ತದೆ, ಯಾವಾಗ ನಿಜವಾಗಿ ಕುಸಿಯುತ್ತದೆ ಎಂದು ಅವಳ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟಿದ್ದರು.

"ಹೇಗಿದೆಯಮ್ಮ ಕೆಲಸ?"

"ನಡೀತಿದೆ ಸಾರ್."

ಅವರು ಟ್ರೆಡ್‌ಮಿಲ್ಲಿನ ಕಂಬಿಯ ಮೇಲೆ ಬೆರಳಾಡಿಸಿದರು. ಮುಖ ಬಾಡಿತ್ತು. "ಆರು ತಿಂಗಳ ಅಂಕಿ ನೋಡ್ದೆ. ಎಲ್ಲರೂ ಓಡ್ತಿದ್ದಾರೆ. ಓಡಬಾರದವರೂ ಓಡ್ತಿದ್ದಾರೆ." ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಐದು ರೋಗಿಗಳ ಸಂಖ್ಯೆ. "ಇವರ ವಿಷಯದಲ್ಲಿ ಜಾಗ್ರತೆ. ಇವರ ಹೃದಯದ ಸ್ಥಿತಿ ನನಗೆ ಗೊತ್ತು. ಸ್ವಲ್ಪ ಸುಸ್ತು ಕಂಡ್ರೂ ನಿಲ್ಲಿಸಿಬಿಡು. ನಮ್ಮ ಕೈಯಲ್ಲಿ ಯಾರಿಗೂ ಹೆಚ್ಚುಕಮ್ಮಿ ಆಗೋದು ಬೇಡ."

ಅವಳು ಚೀಟಿ ನೋಡಿದಳು. ನಾಲ್ಕನೆಯದು ಮೀಟರಣ್ಣನ ಸಂಖ್ಯೆ.

"ಸಾರ್, ಯಾರಿಗೆ ಲೇಸರ್ ಬಿದ್ದಿಲ್ಲ ಅಂತ ನನಗೆ ಗೊತ್ತಾಗಬಾರದಲ್ವಾ?"

"ಏನು ಗೊತ್ತಾಯ್ತು ನಿನಗೆ?" ಅವರ ದನಿ ಏರಲಿಲ್ಲ. "ನಾನೇನಾದ್ರೂ ಹೇಳಿದ್ನಾ? ಜಾಗ್ರತೆ ಅಂದೆ, ಅಷ್ಟೆ. ನಾನು ಕಣ್ಣಾರೆ ನೋಡಿದ್ದೀನಿ ಕಣಮ್ಮ, ಲೇಸರ್ ಕೆಲಸ ಮಾಡುತ್ತೆ. ಉತ್ಸಾಹಕ್ಕೆ ಓಡೋರಿಂದ ಅದು ಮುಚ್ಚಿಹೋಗ್ಬಾರದು. ನಾಳೆ ಸಾವಿರಾರು ಜನಕ್ಕೆ ಸಿಗಬೇಕಾದ್ದು."

ಅವರು ಹೋದ ಮೇಲೆ ಚೀಟಿಯನ್ನು ಹರಿದಳು. ಹರಿದರೇನು, ಐದು ಸಂಖ್ಯೆಗಳೂ ತಲೆಯಲ್ಲಿ ಕೂತುಬಿಟ್ಟಿದ್ದವು. ಅವರು ಕೆಟ್ಟವರಾಗಿದ್ದರೆ ಅವಳಿಗೆ ಸುಲಭವಿತ್ತು. ಅವರು ನಂಬಿದ್ದರು. ಅವರು ನಂಬಿದ್ದನ್ನು ನಂಬದಿರುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಆ ಐವರಲ್ಲಿ ಇಬ್ಬರು ತಾವಾಗಿಯೇ ಬೇಗ ನಿಂತರು. ಅವಳು ದೇವರಿಗೆ ಕೈಮುಗಿದಳು. ಒಬ್ಬ ಬರಲೇ ಇಲ್ಲ. ಒಬ್ಬ ಹೆಂಗಸು ತನ್ನನ್ನು ನಿಲ್ಲಿಸಲು ಹೋದಾಗ "ನನ್ನ ಕಾಲು, ನಾನು ನಡೀತೀನಿ" ಎಂದು ಗದರಿ ಏಳು ನಿಮಿಷ ನಡೆದಳು. ಉಳಿದವನು ಮೀಟರಣ್ಣ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಂದ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಬೂಟಿನ ಅಡಿ ಸವೆದಿತ್ತು. "ಇವತ್ತು ಹತ್ತು ನಿಮಿಷ ಮುಟ್ಟೋದೇ" ಎಂದು ಟ್ರೆಡ್‌ಮಿಲ್ಲಿನ ಪಟ್ಟಿ ಹತ್ತಿದ. ಮೂರು ನಿಮಿಷವಾಯಿತು, ಏರು ಹೆಚ್ಚಿತು. ಅವನು ಬೀದಿ ನಾಯಿಯೊಂದು ತನ್ನನ್ನು ಮೂರು ಓಣಿ ಅಟ್ಟಿಸಿಕೊಂಡು ಬಂದ ಕಥೆ ಹೇಳುತ್ತಿದ್ದ. ಐದು ನಿಮಿಷವಾಯಿತು. ಬಿಪಿ ಸರಿಯಿತ್ತು. ಗೆರೆ ಸ್ವಲ್ಪ ನಡುಗುತ್ತಿತ್ತು, ಅಷ್ಟೆ. ನಡುಗುವುದಕ್ಕೂ ಕುಸಿಯುವುದಕ್ಕೂ ಇರುವ ವ್ಯತ್ಯಾಸ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು.

ಅವನು ಒಂದು ಸಲ ಬಾಯಿಂದ ಉಸಿರೆಳೆದುಕೊಂಡ.

ಅವಳ ಕೈ ಗುಂಡಿಯ ಮೇಲಿತ್ತು. ಒತ್ತಿದಳು.

"ಯಾಕೆ? ಯಾಕೆ ತಂಗೀ? ಇನ್ನೂ ಇದೆ ನನ್ನಲ್ಲಿ!"

"ಗೆರೆ ಸರಿಯಿಲ್ಲ ಅಣ್ಣಾ. ಸಾಕು ಇವತ್ತಿಗೆ."

"ನೋವೇ ಇಲ್ವಲ್ಲ ನನಗೆ!"

"ಕೆಲವು ಸಲ ಹಾಗೇ. ಗೊತ್ತಾಗಲ್ಲ ಒಳಗಿಂದು."

ಈ ಕೊನೆಯ ಮಾತನ್ನು ಯಾಕೆ ಆಡಿದಳೋ ಅವಳಿಗೇ ತಿಳಿಯದು. ಅವನು ಪಟ್ಟಿಯಿಂದಿಳಿದು ಪರದೆ ನೋಡಿದ. ಐದು ನಿಮಿಷ ಇಪ್ಪತ್ತು ಸೆಕೆಂಡು. ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಹಾಕಿಕೊಂಡು, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡೇ ಹೊರಗೆ ಹೋದ. ಬರುವಾಗ ಅವನ ಕೈ ಎದೆಯ ಮೇಲಿರಲಿಲ್ಲ.

ಗಾಜಿನಾಚೆಯವನು ಸಹಿ ಹಾಕಿದ.

ಮೂರು ವಾರದ ಮೇಲೆ ಔಷಧದ ಚೀಟಿ ನವೀಕರಿಸಲು ಮೀಟರಣ್ಣನ ಮಗಳು ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹೆಂಗಸು. "ಅಪ್ಪ ಯಾಕೆ ಬರ್ಲಿಲ್ಲ?" ಎಂದು ಕೇಳಿದ್ದಕ್ಕೆ, "ಕೆಲಸಕ್ಕೂ ಹೋಗ್ತಿಲ್ಲ, ನಮ್ಮನೆಗೂ ಬರ್ತಿಲ್ಲ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ಒಳಗೆ ಹಾಳಾಗ್ತಿದೆ, ನೋವೂ ಗೊತ್ತಾಗ್ತಿಲ್ಲ ಅಂತಾರೆ. ಕೂತಲ್ಲೇ ಕೂತಿರ್ತಾರೆ, ನಾಡಿ ಹಿಡ್ಕೊಂಡು" ಅಂದಳು.

ಅಂದು ಸಂಜೆ ಓಟದಮ್ಮ ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಬಿಡುವವನಲ್ಲ. ಆದರೂ ಅವನು ಲೋಟ ತೊಳೆಯುತ್ತಾ, "ಹೋಗಿ ಹೇಳು, ಬೇಡ ಅನ್ನಲ್ಲ. ಆದ್ರೆ ಯಾರಿಗೋಸ್ಕರ ಹೇಳ್ತೀಯ ಅಂತ ಮೊದಲು ಯೋಚಿಸ್ಕೋ. ಅವನ ಎದೆ ಹಗುರಾಗ್ಲಿ ಅಂತಾನೋ, ನಿನ್ನದೋ?" ಎಂದ.

"ಎರಡೂ ಆಗ್ಬಾರದಾ?"

"ಆಗ್ಬಹುದು" ಎಂದು ಲೋಟವನ್ನು ಬೋರಲು ಹಾಕಿದ. ನಂಬಿ ಹೇಳಿದ ಹಾಗೆ ಕಾಣಲಿಲ್ಲ.

ಭಾನುವಾರ ಹೋದಳು. ಮೀಟರಣ್ಣನ ಮನೆ ನೆಲಮಹಡಿಯಲ್ಲಿ, ಎರಡು ಕೋಣೆ. ಮಗಳು ಬಾಗಿಲು ತೆರೆದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೀಟರಣ್ಣ, ಮೊಣಕಾಲ ಮೇಲೆ ಕಂಬಳಿ. ಇಷ್ಟು ಬೇಗ ಮನುಷ್ಯ ಹೀಗೆ ಇಳಿದುಹೋಗಬಹುದೆಂದು ಅವಳು ಎಣಿಸಿರಲಿಲ್ಲ. ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು. ಬೂಟುಗಳು ಕಾಣಲಿಲ್ಲ.

ನೀರು ಕುಡಿಯುವ ಮೊದಲೇ ಹೇಳಿಬಿಟ್ಟಳು. "ಅಣ್ಣಾ, ಆವತ್ತು ನಿಮ್ಮ ಗೆರೆ ಸರಿಯಾಗೇ ಇತ್ತು. ನಾನು ಬೇಕು ಅಂತಲೇ ನಿಲ್ಲಿಸ್ದೆ. ನೀವು ಇನ್ನೂ ನಡೀತಿದ್ರಿ. ಒಂಬತ್ತು, ಹತ್ತು ನಿಮಿಷ ನಡೀತಿದ್ರಿ."

ಅವನು ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ನಕ್ಕ. ಆ ನಗು ಅವಳಿಗೆ ಹೊಸದು. ಮೂವತ್ತೊಂದು ವರ್ಷ ಮನೆ ಮನೆಯ ಬಾಗಿಲಲ್ಲಿ ನಕ್ಕು ನಕ್ಕು ಪಳಗಿದ ನಗು.

"ನಮ್ಮ ಮೀಟರ್ ಸರಿಯಿಲ್ಲ, ನೀವು ತಪ್ಪು ಓದಿದ್ದೀರಿ ಅಂತ ಎಷ್ಟು ಜನ ಹೇಳಿದ್ದಾರೆ ಗೊತ್ತಾ ತಂಗೀ ನನಗೆ? ಒಬ್ಬ ಯಜಮಾನ ಅತ್ತೇಬಿಟ್ಟಿದ್ದ. ಬಿಚ್ಚಿ ನೋಡಿದ್ರೆ ಮೀಟರ್ ಸರಿಯಾಗೇ ಇತ್ತು, ನೆಲದೊಳಗೆ ಪೈಪ್ ಒಡೆದಿತ್ತು. ಒಳಗಿಂದು ಗೊತ್ತಾಗಲ್ಲ. ನೀವೇ ಹೇಳಿದ್ರಲ್ಲ."

"ನಾನು ಸುಳ್ಳು ಹೇಳ್ದೆ ಅಣ್ಣಾ!"

"ಈಗ ಹೇಳ್ತಿದ್ದೀರಿ" ಅಂದ, ಮೆತ್ತಗೆ. "ನಿಮ್ಮ ಮನಸ್ಸು ಒಳ್ಳೇದು."

ಮಗಳು ಅವಳನ್ನು ಬಾಗಿಲವರೆಗೆ ಕಳಿಸಲು ಬಂದವಳು ಬಾಗಿಲನ್ನು ಹಿಂದಿನಿಂದ ಮುಚ್ಚಿಕೊಂಡಳು. ಓಟದಮ್ಮನ ಮಾತನ್ನು ಅವಳು ನಂಬಿದ್ದಳು.

"ಯಾಕೆ ಮಾಡಿದ್ರಿ?"

"ದೊಡ್ಡ ಡಾಕ್ಟರು ಹೇಳಿದ್ರು."

"ಗುಂಡಿ ಒತ್ತಿದ ಕೈ ಅವರದಾ?"

ಓಟದಮ್ಮ, "ಒಂದು ಸಲ ಕರ್ಕೊಂಡು ಬನ್ನಿ. ಮತ್ತೆ ಓಡಿಸಿ ತೋರಿಸ್ತೀನಿ. ಕಣ್ಣಾರೆ ನೋಡಿದ್ರೆ ನಂಬ್ತಾರೆ" ಎಂದು ಬೇಡಿಕೊಂಡಳು.

ಮಗಳು ಅದು ಹೇಗೆ ಒಪ್ಪಿಸಿದಳೋ, ಮುಂದಿನ ಶನಿವಾರ ಮಧ್ಯಾಹ್ನ ಕರೆತಂದಳು. ಕಿರಿಯ ಡಾಕ್ಟರು ಗಾಜಿನಾಚೆ ಇದ್ದ. ಅವನಿಗೆ ಸುಮ್ಮನೆ ಒಂದು ಪರೀಕ್ಷೆ ಎಂದಿದ್ದಳು. ಮೀಟರಣ್ಣ ಚಪ್ಪಲಿ ಕಳಚಿ ಬರಿಗಾಲಲ್ಲಿ ಪಟ್ಟಿ ಹತ್ತಿದ. ಎರಡೂ ಕೈಯಲ್ಲಿ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು. ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

"ಚೆನ್ನಾಗಿ ನಡೀತಿದ್ದೀರಿ" ಅಂದಳು. ಈಗ ನಿಯಮದ ಹಂಗಿಲ್ಲವೆಂದು ಇನ್ನಷ್ಟು ಹೇಳಿದಳು. "ನೋಡಿ, ಗೆರೆ ಎಷ್ಟು ಚೆನ್ನಾಗಿದೆ. ನಾಯಿ ಅಟ್ಟಿಸಿಕೊಂಡು ಬಂದ ಕಥೆ ಮುಗಿಸ್ಲೇ ಇಲ್ಲ ನೀವು. ಆಮೇಲೇನಾಯ್ತು?"

ಎರಡು ನಿಮಿಷಕ್ಕೇ ಅವನ ಹಣೆಯಲ್ಲಿ ಬೆವರೊಡೆಯಿತು. ಮೂರು ನಿಮಿಷಕ್ಕೆ ಏರು ಹೆಚ್ಚಿದಾಗ ಅವಳು ಪರದೆಯಲ್ಲಿ ಕಂಡದ್ದನ್ನು ಮೊದಲು ನಂಬಲಿಲ್ಲ. ಗೆರೆ ಇಳಿಯುತ್ತಿತ್ತು. ನಡುಕವಲ್ಲ, ಕುಸಿತ, ದೊಡ್ಡ ಡಾಕ್ಟರು ಹದಿನಾಲ್ಕು ವರ್ಷದ ಹಿಂದೆ ಬೆರಳಿಟ್ಟು ತೋರಿಸಿದಂಥದ್ದೇ. ಮೂರು ನಿಮಿಷ ನಲವತ್ತೈದು ಸೆಕೆಂಡಿಗೆ ಅವನು "ಹಿಡೀತು" ಎಂದ, ಬಗ್ಗಿದ. ಮಗಳು ಓಡಿಬಂದು ಸೊಂಟ ಹಿಡಿದಳು. ನಾಲಿಗೆಯಡಿ ಮಾತ್ರೆಯಿಟ್ಟು ಮಲಗಿಸಿ, ಬಿಪಿ ನೋಡಿ, ಮತ್ತೆ ನೋಡಿ, ಗೆರೆ ಮೊದಲಿನಂತಾಗುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು.

ಮೀಟರಣ್ಣ ಮಲಗಿದಲ್ಲಿಂದಲೇ ಅವಳ ಕೈಮೇಲೆ ತಟ್ಟಿದ. "ಬಿಡಿ ತಂಗೀ. ನೀವು ನಿಮ್ಮ ಕೈಲಾದ್ದು ಮಾಡಿದ್ರಿ."

ಸೋಮವಾರ ಅವಳು ಪ್ರಯೋಗದ ಮೇಲ್ವಿಚಾರಣಾ ಸಮಿತಿಗೆ ಎರಡು ಪುಟದ ಕಾಗದ ಬರೆದಳು. ಚೀಟಿ, ಐದು ಸಂಖ್ಯೆ, ತಾನು ಒತ್ತಿದ ಗುಂಡಿ, ಏನನ್ನೂ ಬಿಡಲಿಲ್ಲ. ಗಂಡ ಓದಿ ಒಂದು ಅಲ್ಪವಿರಾಮ ತಿದ್ದಿಕೊಟ್ಟ. ಎರಡು ತಿಂಗಳು ಉತ್ತರವಿಲ್ಲ. ಅಷ್ಟರಲ್ಲಿ ಅವಳನ್ನು ಮೂಲೆಕೋಣೆಯಿಂದ ತೆಗೆದು ದಾಖಲೆ ವಿಭಾಗಕ್ಕೆ ಹಾಕಿದರು. ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ಎದುರಾದರೆ ಮೊದಲಿನಂತೆಯೇ ತಲೆಯಾಡಿಸುತ್ತಿದ್ದರು. ಒಮ್ಮೆ ಮಾತ್ರ ನಿಂತು, "ನಾನು ನಿನಗೆ ಜಾಗ್ರತೆ ಅಂದಿದ್ದೆ ಕಣಮ್ಮ, ಇನ್ನೇನೂ ಹೇಳಿರ್ಲಿಲ್ಲ" ಎಂದು ಹೋದರು. ಅದೂ ಸುಳ್ಳಾಗಿರಲಿಲ್ಲ.

ಕೊನೆಗೆ ಸಮಿತಿಯ ಹೆಂಗಸೊಬ್ಬಳು ಬಂದಳು. ಬಿಳಿಗೂದಲಿನ, ನಯವಾದ ಮಾತಿನ ಅಧಿಕಾರಿ. ಎಲ್ಲವನ್ನೂ ಕೇಳಿಸಿಕೊಂಡು, ಕಾಗದಗಳನ್ನು ಒಟ್ಟುಮಾಡಿ ಮೇಜಿಗೆ ಕುಟ್ಟಿ ನೇರ ಮಾಡಿದಳು.

"ನೀವು ಮುಂದೆ ಬಂದು ಹೇಳಿದ್ದು ಒಳ್ಳೇದಾಯ್ತು. ಅವರ ಮೇಲೆ ವಿಚಾರಣೆ ಆಗುತ್ತೆ. ಆದ್ರೆ ಒಂದು ಸಮಾಧಾನ ಇಟ್ಕೊಳ್ಳಿ, ಫಲಿತಾಂಶಕ್ಕೇನೂ ಧಕ್ಕೆ ಆಗಿಲ್ಲ. ಎಂಟು ಆಸ್ಪತ್ರೆ, ಮುನ್ನೂರು ಜನ. ಲೇಸರ್ ಬಿದ್ದವರೂ ಅಷ್ಟೇ ಸುಧಾರಿಸಿದ್ರು, ಬೀಳದವರೂ ಅಷ್ಟೇ ಸುಧಾರಿಸಿದ್ರು. ನಿಮ್ಮ ಆ ಒಂದು ಅಂಕಿಯನ್ನ ಇಟ್ಟು ನೋಡಿದ್ವಿ, ತೆಗೆದು ನೋಡಿದ್ವಿ. ಏನೂ ವ್ಯತ್ಯಾಸ ಬರಲ್ಲ."

"ಏನೂ?"

"ಏನೇನೂ."

ಆ ಹೆಂಗಸು ಅದನ್ನು ಒಳ್ಳೆಯ ಸುದ್ದಿಯೆಂದೇ ಹೇಳಿದ್ದಳು. ಓಟದಮ್ಮನ ಸುಳ್ಳಿಂದ ಯಾವುದೋ ದೊಡ್ಡ ಸತ್ಯ ಕೆಟ್ಟಿದ್ದರೆ, ಆ ಪಾಪಕ್ಕೊಂದು ತೂಕವಾದರೂ ಇರುತ್ತಿತ್ತು. ಆ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ. ದೊಡ್ಡ ಡಾಕ್ಟರಿಗೆ ಅದರಿಂದ ಲಾಭವಾಗಲಿಲ್ಲ, ಪ್ರಯೋಗಕ್ಕೆ ನಷ್ಟವಾಗಲಿಲ್ಲ. ಕೆಟ್ಟದ್ದು ಒಬ್ಬ ಮನುಷ್ಯ ಮಾತ್ರ. ವಿಚಾರಣೆ ನಡೆಯಿತೋ ಇಲ್ಲವೋ, ದೊಡ್ಡ ಡಾಕ್ಟರು ಬೇರೊಂದು ಆಸ್ಪತ್ರೆಗೆ ಹೋದರು. ಹೋಗುವಾಗ ಬೀಳ್ಕೊಡುಗೆಯೂ ಆಯಿತು. ಲೇಸರ್ ಯಂತ್ರದ ಮೇಲೆ ಹಾಸಿಗೆಯ ಚಾದರ ಹೊದಿಸಿ ಉಗ್ರಾಣದ ಬಾಗಿಲ ಬಳಿ ನಿಲ್ಲಿಸಿದರು.

ಪ್ರಯೋಗದಲ್ಲಿದ್ದವರೆಲ್ಲರಿಗೂ ಯಾರಿಗೆ ಏನಾಗಿತ್ತೆಂದು ಕಾಗದ ಹೋಯಿತು.

ಆ ಮೇಲೆ ಅವಳು ಮೀಟರಣ್ಣನನ್ನು ನೋಡಿದ್ದು ಒಂದೇ ಸಲ. ಹೊರರೋಗಿಗಳ ಹಜಾರದಲ್ಲಿ ಕಡತಗಳ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಾಗ ಹಿಂದಿನಿಂದ "ತಂಗೀ" ಎಂದು ಕರೆದ ಹಾಗಾಯಿತು. ಗಾಲಿಕುರ್ಚಿಯಲ್ಲಿ ಕೂತಿದ್ದ. ಮಗಳು ಹಿಂದೆ ನಿಂತಿದ್ದಳು. ಓಟದಮ್ಮನಿಗೆ ಓಡಿಹೋಗಬೇಕೆನಿಸಿತು, ಆದರೂ ಗಾಡಿ ನಿಲ್ಲಿಸಿ ಹತ್ತಿರ ಹೋದಳು.

"ಕಾಗದ ಬಂತು ತಂಗೀ. ನನಗೆ ಲೇಸರ್ ಬಿದ್ದೇ ಇರ್ಲಿಲ್ವಂತೆ." ಅವನ ದನಿಯಲ್ಲಿ ಕೋಪವಿರಲಿಲ್ಲ, ಯಾವುದೋ ಹಳೆಯ ತಕರಾರು ಬಗೆಹರಿದವನ ನೆಮ್ಮದಿಯಿತ್ತು. "ನಾನು ಕೂತು ಯೋಚನೆ ಮಾಡ್ದೆ. ಲೇಸರ್ರೇ ಇಲ್ಲದೆ ಎಂಟು ನಿಮಿಷ ನಲವತ್ತು ಸೆಕೆಂಡು ನಾನು ಹೇಗೆ ನಡೆದೇನು? ಆಗೋ ಮಾತೇ ಅಲ್ಲ. ಆವತ್ತಿನ ಮೀಟರ್ರೇ ತಪ್ಪು. ಮೂವತ್ತೊಂದು ವರ್ಷ ನಾನು ಒಪ್ಪಿರ್ಲಿಲ್ಲ ನೋಡಿ, ಮೀಟರೂ ತಪ್ಪುತ್ತೆ."

"ಅದು ಸರಿಯಿತ್ತು ಅಣ್ಣಾ" ಎಂದಳು. "ಅದೊಂದೇ ಸರಿಯಿದ್ದದ್ದು."

ಅವನು ಕುತ್ತಿಗೆ ಹೊರಳಿಸಿ ಮಗಳ ಕಡೆ ನೋಡಿದ. "ಈಗಲೂ ನೋಡು! ಇಂಥವರು ಸಿಗಲ್ಲ ಕಣೇ. ನಾನು ನೊಂದ್ಕೋಬಾರದು ಅಂತ ಮನೆವರೆಗೂ ಬಂದು, ತಾನೇ ತಪ್ಪು ಮಾಡ್ದೆ ಅಂತ ತನ್ನ ಮೇಲೆ ಹಾಕ್ಕೊಂಡು ಸುಳ್ಳು ಹೇಳಿದ್ರು ಪಾಪ. ಸ್ವಂತ ತಂಗಿ ಕೂಡ ಹಾಗೆ ಮಾಡಲ್ಲ."

ಮಗಳು ಓಟದಮ್ಮನ ಮುಖವನ್ನು ನೋಡಲಿಲ್ಲ. ಬಗ್ಗಿ ಅಪ್ಪನ ಕಂಬಳಿಯನ್ನು ಮೊಣಕಾಲಿಗೆ ಸಿಕ್ಕಿಸಿ, ಕಾಲಿನಿಂದ ಕುರ್ಚಿಯ ಬ್ರೇಕು ತೆಗೆದು, ಸರದಿ ಕರೆಯುವ ಮೊದಲೇ ಅವನನ್ನು ಡಾಕ್ಟರ ಕೋಣೆಯ ಕಡೆಗೆ ತಳ್ಳಿಕೊಂಡು ಹೋದಳು.